ಒದ್ದೆಯಾಗದ ಬೂಟು

ದೀಪ ಸುಳ್ಳನ್ನು ಹಿಡಿಯುತ್ತದೆ ಎಂದು ಜನ ಹೇಳುತ್ತಾರೆ. ಅದು ಸರಿಯಲ್ಲ. ಮಾತಾಡುವವನು ತನ್ನ ಮಾತನ್ನು ತಾನೇ ನಂಬುತ್ತಾನೋ ಇಲ್ಲವೋ, ಅದಷ್ಟೇ ದೀಪಕ್ಕೆ ಗೊತ್ತಾಗುವುದು. ನಂಬದೆ ಆಡಿದ ಮಾತಿನಲ್ಲಿ ಉಸಿರು ಗಂಟಲನ್ನು ದಾಟುವಾಗ ಕಿವಿಗೆ ಸಿಗದಷ್ಟು ಸಣ್ಣ ತಡೆಯೊಂದು ಬರುತ್ತದೆ. ದೀಪ ಆ ತಡೆಯನ್ನು ಹುಡುಕುತ್ತದೆ. ಸಿಕ್ಕಿದರೆ ಕೆಂಪು, ಸಿಗದಿದ್ದರೆ ಹಸಿರು. ಭಾಷೆ ಯಾವುದಾದರೂ ಆದೀತು. ಪ್ರಶ್ನೆಗೆ, ಆಜ್ಞೆಗೆ, ಬೈಗುಳಕ್ಕೆ ಅದು ಹತ್ತುವುದಿಲ್ಲ. ಅವುಗಳಲ್ಲಿ ನಂಬುವುದಕ್ಕೆ ಏನೂ ಇರುವುದಿಲ್ಲ.

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಾನು ಈ ದೀಪದ ಜೊತೆ ಕೆಲಸ ಮಾಡಿದವಳು. ಒಮ್ಮೆ ಒಬ್ಬಳು ವಿದ್ಯಾರ್ಥಿನಿಯ ಎದುರು ಮುಚ್ಚಿದ ಡಬ್ಬವಿಟ್ಟು, ಒಳಗೆ ಮಾವಿನಹಣ್ಣಿದೆ ಎಂದು ಹೇಳಿದ್ದೆವು. "ಡಬ್ಬದಲ್ಲಿ ಮಾವಿನಹಣ್ಣಿದೆ" ಎಂದು ಅವಳು ದೀಪಕ್ಕೆ ಹೇಳಿದಳು. ಹಸಿರು. ಡಬ್ಬ ಖಾಲಿಯಿತ್ತು. ಪ್ರೊಫೆಸರರು ಇದನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಒಂದು ಸಾಲು ಮಾಡಿ ಹಾಕಿದರು. ಕೊನೆಯ ಪುಟದವರೆಗೆ ಯಾರೂ ಓದಲಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಓದಬೇಕಾದವರು ಓದಿದ್ದರು.

ದೀಪ ಫೋನುಗಳಿಗೂ ಬಂದ ಮೇಲೆ ಜನ ಹೊಂದಿಕೊಂಡರು. ಮೀನು ಮಾರುವವರು ಅದು ಯಾವಾಗ ಬಲೆಗೆ ಬಿದ್ದದ್ದೆಂದು ದೋಣಿಯವರನ್ನು ಕೇಳುವುದನ್ನು ಬಿಟ್ಟರು. ಮದುವೆ ಮಾತುಕತೆಗೆ ಹುಡುಗನನ್ನು ಸರಿಯಾಗಿ ಅರಿಯದ ದೂರದ ಚಿಕ್ಕಪ್ಪನನ್ನು ಕರೆತರುವುದು ವಾಡಿಕೆಯಾಯಿತು. ಅಂಥ ಚಿಕ್ಕಪ್ಪಂದಿರಿಗೆ ಈಗ ಬೇಡಿಕೆಯಿದೆ. ಉಳಿದವರು ಪ್ರಶ್ನೆಗಳಲ್ಲಿ ಮಾತಾಡುವುದನ್ನು ಕಲಿತರು.

ಗಂಡನ ತಾಯಿಯಾದ ನನ್ನ ಅತ್ತೆಯೂ ಕಲಿತರು. ನಾನು ಅವರನ್ನು ಮಾಮಿ ಎಂದು ಕರೆಯುತ್ತೇನೆ. ಹೆಸರು ಗುಲಾಬಿ. ಕಡಲ ಬದಿಯ ಮೊಗವೀರರ ಓಣಿಯಲ್ಲಿ ನಾವಿಬ್ಬರೇ ಇರುವುದು. ನನ್ನ ಕೆಲಸದಲ್ಲಿ ಗುಂಡಿಯಷ್ಟು ದೊಡ್ಡ ದೀಪವೊಂದನ್ನು ಕೊರಳಪಟ್ಟಿಗೆ ಸಿಕ್ಕಿಸಿಕೊಂಡೇ ಇರಬೇಕು, ಮನೆಯಲ್ಲಿಯೂ. ನಮಗೆ ಯಾರೂ ಆಮಿಷ ಒಡ್ಡಬಾರದೆಂದು ಆ ನಿಯಮ. ಹಾಗಾಗಿ ಮಾಮಿ ನನ್ನೆದುರು ಒಂದು ನೇರ ವಾಕ್ಯ ಆಡಿ ವರ್ಷ ಕಳೆದಿದೆ.

ಅಂದು ಬೆಳಿಗ್ಗೆ ಅವರು ಹಿತ್ತಿಲಲ್ಲಿ ಬಂಗುಡೆ ಕತ್ತರಿಸುತ್ತಿದ್ದರು. ತುಂತುರು ಮಳೆ ಬೀಳುತ್ತಿತ್ತು. ಮೇ ತಿಂಗಳ ಕೊನೆ.

"ಇವತ್ತೂ ಹೋಗ್ಲಿಕ್ಕುಂಟಾ?"

"ಉಂಟು ಮಾಮಿ."

ಹಸಿರು.

"ಆ ಆಫೀಸಿನವರ ಎದುರು ಕೂತ್ಕೊಂಡು ಚಾ ಕುಡಿಯುವಾಗ ಗಂಟಲಲ್ಲಿ ಇಳೀತದಾ ನಿಂಗೆ?"

"ಇಳೀತದೆ."

ಹಸಿರು. ಮಾಮಿ ಮೀನಿನ ತಲೆಯನ್ನು ಬೆಕ್ಕಿನ ಕಡೆಗೆ ಎಸೆದರು.

"ನಾಚಿಕೆ ಇಲ್ಲದ್ದು ಆ ದೀಪಕ್ಕಾ, ನಿನಗಾ?"

ನಾನು ಚೀಲ ತೆಗೆದುಕೊಂಡು ಹೊರಟೆ. ಬಾಗಿಲ ಹಿಂದಿನ ಮೂಲೆಯಲ್ಲಿ ಹಳೆಯ ಲುಂಗಿ ಮುಚ್ಚಿದ ಒಂದು ಜೊತೆ ಬೂಟುಗಳಿವೆ. ಕಪ್ಪು ರಬ್ಬರಿನವು, ಮೊಣಕಾಲಿನವರೆಗೆ ಬರುವಂಥವು. ಬಂದವರಿಗೆ ಕಾಣದಂತೆ ಮಾಮಿ ಅವನ್ನು ಮುಚ್ಚಿಡುತ್ತಾರೆ. ಸಂಜೆ ಹೊತ್ತು ಲುಂಗಿ ತೆಗೆದು ಧೂಳು ಒರೆಸುತ್ತಾರೆ. ಒಳಗೆ ಅಂಗಡಿಯವರು ತುರುಕಿದ ಕಾಗದದ ಉಂಡೆಗಳು ಇನ್ನೂ ಹಾಗೆಯೇ ಇವೆ.

ಗೇಟಿನ ಹೊರಗೆ ಹರಿಣಾಕ್ಷಿ ನಿಂತಿದ್ದಳು. ಎದುರು ಮನೆಯವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಓಣಿಯಲ್ಲಿ ನನ್ನೊಡನೆ ನೇರ ವಾಕ್ಯದಲ್ಲಿ ಮಾತಾಡುವವಳು ಅವಳೊಬ್ಬಳೇ. ವಾಕ್ಯವೂ ಒಂದೇ. ಅದನ್ನು ನನಗೆ ಹೇಳುವುದಲ್ಲ, ನನ್ನ ಕೊರಳಪಟ್ಟಿಗೆ ಹೇಳುವುದು.

"ನಿನ್ನ ಗಂಡ ನನ್ನ ಗಂಡನನ್ನು ಕೊಂದ."

ಹಸಿರು.

ದಿನವೂ ಹಸಿರೇ. ಅವಳು ನಂಬುತ್ತಾಳೆ, ಅಷ್ಟೇ ಅದರ ಅರ್ಥ. ಆದರೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆ ಹಸಿರು ಅಂದರೆ ನಿಜ. ಅವರು ದಿನವೂ ಇದನ್ನು ನೋಡುತ್ತಾರೆ. ಮೀನು ಮಾರ್ಕೆಟಿನಲ್ಲಿ ಮಾಮಿಯ ಬುಟ್ಟಿಯ ಪಕ್ಕದ ಜಾಗ ಈಗ ಖಾಲಿ ಇರುತ್ತದೆ.

*

ನನ್ನ ಗಂಡ ಯತಿನ್ ಕಾಂಚನ್ ರಸಾಯನಶಾಸ್ತ್ರ ಓದಿದವನು. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ. ಕಾಲೇಜಿನ ಅರೆಕಾಲಿಕ ಪಾಠ ನಿಂತಾಗ ಹಡಗು ಕಂಪನಿಯೊಂದರ ಜಾಹೀರಾತು ನೋಡಿದ. ಸಂವಹನ ಅಧಿಕಾರಿ ಬೇಕಾಗಿದ್ದಾರೆ. ಸ್ಪಷ್ಟವಾದ ಧ್ವನಿ ಇರಬೇಕು. ಕಡಲಿನ ಅನುಭವ ಅಗತ್ಯವಿಲ್ಲ.

ಆ ಕಂಪನಿಯ ಹಡಗುಗಳಿಗೆಲ್ಲ ಹೂವಿನ ಹೆಸರು. ಯತಿನ್ ಹೋದದ್ದು ಸುರಗಿಗೆ.

ದೊಡ್ಡ ತೈಲ ಹಡಗುಗಳು ನಮ್ಮ ಬಂದರಿಗೆ ಬರಲಾರವು, ಅಷ್ಟು ಆಳವಿಲ್ಲ. ಅವು ದೂರ ಕಡಲಿನಲ್ಲಿ ನಿಲ್ಲುತ್ತವೆ. ಸುರಗಿಯಂಥ ಸಣ್ಣ ಹಡಗು ಹೋಗಿ ಪಕ್ಕಕ್ಕೆ ಒರಗುತ್ತದೆ. ನಡುವೆ ಒಂದಕ್ಕೊಂದು ಬಡಿಯದಂತೆ ಕೋಣೆಯಷ್ಟು ದೊಡ್ಡ ರಬ್ಬರಿನ ಉರುಳೆಗಳು. ಎರಡನ್ನೂ ಸೇರಿಸಿ ಕಟ್ಟಿದ ತೋಳುಗಾತ್ರದ ಹಗ್ಗಗಳು. ಕೊಳವೆ ಜೋಡಿಸಿ ಎಣ್ಣೆ ಬಿಟ್ಟ ಮೇಲೆ ದೊಡ್ಡದು ಹಗುರಾಗಿ ಮೇಲೇಳುತ್ತದೆ, ಸಣ್ಣದು ಭಾರವಾಗಿ ಇಳಿಯುತ್ತದೆ. ಹಗ್ಗಗಳನ್ನು ಗಳಿಗೆಗೊಮ್ಮೆ ಸಡಿಲಿಸಬೇಕು, ಬಿಗಿಯಬೇಕು. ಒಂದು ತುಂಡಾದರೆ ಅದರ ಭಾರ ಪಕ್ಕದ್ದಕ್ಕೆ ಬೀಳುತ್ತದೆ. ತುಂಡಾದ ಹಗ್ಗ ಸುಮ್ಮನೆ ಬೀಳುವುದಿಲ್ಲ. ಚಾಟಿಯಂತೆ ವಾಪಸು ಬರುತ್ತದೆ. ಅದರ ದಾರಿಯಲ್ಲಿ ಸಿಕ್ಕಿದವರು ಉಳಿಯುವುದಿಲ್ಲ.

ಹಿಂದೆ ಒಮ್ಮೆ ಹಾಗಾಗಿ ಕರಾವಳಿಯುದ್ದಕ್ಕೂ ಎಣ್ಣೆ ಹರಡಿದ ಮೇಲೆ ಕಾನೂನು ಬಂತು. ದಡದ ನಿಯಂತ್ರಣ ಕೋಣೆಯಲ್ಲಿ ಒಬ್ಬ ಸಂಯೋಜಕರು ಇರಬೇಕು. ಎರಡೂ ಹಡಗಿನವರು ತಂತಮ್ಮ ಹಗ್ಗ, ಕೊಳವೆ, ಕವಾಟಗಳನ್ನು ಪರೀಕ್ಷಿಸಿ, ಗೊತ್ತುಪಡಿಸಿದ ವಾಕ್ಯಗಳಲ್ಲಿ ಸ್ಥಿತಿ ಹೇಳಬೇಕು. ಎಲ್ಲ ಹಸಿರಾದರೆ ಮಾತ್ರ ಎಣ್ಣೆ ಹರಿಯಬೇಕು.

"ಹೇಗುಂಟು ಕೆಲಸ?" ಎಂದು ಫೋನಿನಲ್ಲಿ ಕೇಳಿದ್ದೆ.

"ಎಂತ ಕೆಲಸ ಮಾರಾಯ್ತಿ," ಎಂದಿದ್ದ ಯತಿನ್. "ಎಸಿ ಕೋಣೆ. ಕಿಟಕಿ ಸಹ ಇಲ್ಲ. ಕ್ಯಾಪ್ಟನ್ ಬಂದು ಎಲ್ಲ ಸರಿ ಉಂಟು ಅಂತಾರೆ. ನಾನು ಮೈಕಿನಲ್ಲಿ ಹೇಳ್ತೇನೆ. ಮತ್ತೆ ಊಟ. ಇಲ್ಲಿ ವಾಂತಿ ಬರುದಿಲ್ಲ ಗೊತ್ತುಂಟಾ, ಹಡಗು ಅಷ್ಟು ದೊಡ್ಡದು."

ಸುರಗಿಯ ಹಗ್ಗ ತುಂಡಾದ ದಿನವೂ ಅವನ ವಾಕ್ಯಗಳೆಲ್ಲ ಹಸಿರು. ಸದ್ದು ಕೇಳಿ ಮೊದಲ ಸಲ ಕೋಣೆಯಿಂದ ಹೊರಗೆ ಓಡಿದ. ಎರಡನೇ ಹಗ್ಗ ತುಂಡಾದಾಗ ಅದರ ದಾರಿಯಲ್ಲಿದ್ದ. ಮೊದಲಿನದಕ್ಕೆ ಹರಿಣಾಕ್ಷಿಯ ಗಂಡ ಉಮಾನಾಥ ಸಿಕ್ಕಿದ್ದರು. ಅವರು ಹಗ್ಗದ ಕೆಲಸದವರು.

ವಿಚಾರಣೆ ಬೇಗ ಮುಗಿಯಿತು. ಹಗ್ಗಗಳು ಸರಿಯಾಗಿವೆ ಎಂದು ಹೇಳಿದವನು ಯತಿನ್. ದೀಪ ಹಸಿರು, ಆದ್ದರಿಂದ ಯಾರೂ ಅವನಿಂದ ಸುಳ್ಳು ಹೇಳಿಸಲಿಲ್ಲ. ಪರೀಕ್ಷಿಸಿ ಹೇಳುವುದು ಅವನ ಕರ್ತವ್ಯ, ಆದ್ದರಿಂದ ಪರೀಕ್ಷೆಯಲ್ಲಿ ಅವನದೇ ಅಜಾಗರೂಕತೆ. ಇನ್ನೊಂದು ಸಾಕ್ಷಿಯೂ ಅವರಿಗೆ ಸಿಕ್ಕಿತ್ತು. ಅವನ ಕಾಲಿನಲ್ಲಿ ರಬ್ಬರಿನ ಚಪ್ಪಲಿಯಿತ್ತು. ಕಂಪನಿ ಕೊಟ್ಟ ಸುರಕ್ಷಾ ಬೂಟುಗಳು ಕೋಣೆಯಲ್ಲಿ ಹೊಸದಾಗಿಯೇ ಇದ್ದವು.

ಅವನ ಫೋನಿನ ಮಾತನ್ನು ನಾನು ವಿಚಾರಣೆಯಲ್ಲಿ ಹೇಳಿದೆ. ದೀಪ ಹಸಿರಾಯಿತು. ಅದು ನಿಮ್ಮ ನಂಬಿಕೆ ಎಂದರು. ಮನೆಗೆ ಬಂದು ಮಾಮಿಗೂ ಹೇಳಿದೆ. ಅವರು ಹಡಗಿನಿಂದ ಮನೆಗೆ ಕಳಿಸಿದ್ದ ಆ ಬೂಟುಗಳನ್ನು ನೋಡಿದರು.

"ಹೊರಗೆ ಹೋಗ್ಲಿಕ್ಕೆ ಇಲ್ಲದವನಿಗೆ ಬೂಟು ಯಾಕೆ ಕೊಟ್ರು ಹಾಗಾದ್ರೆ?"

ಊರೆಲ್ಲ ಹೇಳುತ್ತಿದ್ದದ್ದು ಒಂದೇ. ಅವನು ಉದಾಸೀನದಿಂದ ಬೂಟು ಹಾಕಲಿಲ್ಲ, ಹಗ್ಗ ನೋಡಲಿಲ್ಲ, ಓಣಿಯ ಗಂಡಸೊಬ್ಬನನ್ನು ಕೊಂದ. ತಾಯಿಯೂ ಕೊನೆಗೆ ಇದನ್ನೇ ನಂಬಿದರು. ಬೂಟುಗಳನ್ನು ಎಸೆಯಲೂ ಇಲ್ಲ.

ಆರು ತಿಂಗಳ ಮೇಲೆ ನಾನು ನಿಯಂತ್ರಣ ಕೋಣೆಗೆ ಸೇರಿದೆ. ದೀಪದ ತರಬೇತಿ ಇದ್ದವರು ಪ್ರತಿ ಪಾಳಿಯಲ್ಲೂ ಒಬ್ಬರಿರಬೇಕೆಂದು ಕಾನೂನು. ನಮ್ಮಂಥವರು ಕಡಿಮೆ. ಅವರಿಗೆ ನಾನು ಬೇಡವಾಗಿತ್ತು, ಬೇರೆ ದಾರಿಯಿರಲಿಲ್ಲ.

*

ಕೋಣೆ ಗುಡ್ಡದ ಮೇಲಿದೆ. ಎದುರು ದೊಡ್ಡ ಗಾಜು, ಅದರಾಚೆ ಕಡಲು. ಹಡಗುಗಳು ಕಣ್ಣಿಗೆ ಕಾಣುವುದಿಲ್ಲ, ಪರದೆಯ ಮೇಲೆ ಕಾಣುತ್ತವೆ. ಅಂದು ಹಲೀಮಾ ಎಂಬ ದೊಡ್ಡ ಹಡಗಿನ ಪಕ್ಕಕ್ಕೆ ಕೇದಗೆ ಒರಗಿ ನಿಂತಿತ್ತು. ಕೇದಗೆ ಸುರಗಿಯ ಕಂಪನಿಯದೇ. ನೈರುತ್ಯದಿಂದ ಉದ್ದನೆಯ ಅಲೆ. ಎರಡೂ ಹಡಗಿನ ಡೆಕ್ಕುಗಳು ಮಳೆಯಲ್ಲಿ ಹೊಳೆಯುತ್ತಿದ್ದವು.

ಮೇಲ್ವಿಚಾರಕ ಐವನ್ ರೆಬೆಲ್ಲೊ ನನ್ನ ಹಿಂದಿನ ಮೇಜಿನಲ್ಲಿ ಕೂರುತ್ತಾರೆ. ನಿವೃತ್ತ ಕ್ಯಾಪ್ಟನ್. ಸುರಗಿಗೆ ಅನುಮತಿ ಕೊಟ್ಟವರು ಅವರೇ. ನನ್ನೊಡನೆ ಅವರೂ ಪ್ರಶ್ನೆಗಳಲ್ಲಿಯೇ ಮಾತಾಡುತ್ತಾರೆ.

"ಶುರು ಮಾಡ್ಲಿಕ್ಕೆ ಮುಹೂರ್ತ ನೋಡ್ಬೇಕಾ ವಿನುತಾ?"

ನಾನು ಮೈಕ್ ತೆರೆದೆ. ಎರಡೂ ಕಡೆಯವರು ಕರಾವಳಿಯವರೇ ಆದ್ದರಿಂದ ಅಂದು ಒಪ್ಪಿಕೊಂಡ ಭಾಷೆ ಕನ್ನಡ. ಹಲೀಮಾದಿಂದ ಮಾತಾಡಿದವರು ಚೀಫ್ ಆಫೀಸರ್ ಮೊಯ್ದಿನಬ್ಬ. ಉಳ್ಳಾಲದವರು. ಮೂವತ್ತು ವರ್ಷ ಹಡಗಿನಲ್ಲಿ ಸವೆದ ದನಿ.

"ಹಲೀಮಾದ ಹಗ್ಗಗಳೆಲ್ಲ ಸರಿಯಾಗಿವೆ."

ಕೆಂಪು.

"ಓ, ಹತ್ತಿತಾ ಕೆಂಪು?" ಎಂದರು ಅವರು. "ತಡೀರಿ. ಹಗ್ಗ ಸರಿ ಉಂಟು. ಈಗಷ್ಟೇ ಕೈಯಿಂದ ಮುಟ್ಟಿ ನೋಡಿ ಬಂದೆ. ಮೂರನೆಯದ್ದು ಹಳತು, ಅದಕ್ಕೆ ಒಬ್ಬನನ್ನು ಕಾವಲು ನಿಲ್ಸಿದ್ದೇನೆ."

ಹಸಿರು.

"ಗೊತ್ತುಪಡಿಸಿದ ವಾಕ್ಯದಲ್ಲೇ ಹೇಳ್ಬೇಕು ಚೀಫ್," ಎಂದೆ.

"ಆ ವಾಕ್ಯ ಹಸಿರಾಗ್ಬೇಕಾದ್ರೆ ನಾನು ಹಗ್ಗ ನೋಡ್ಲೇಬಾರದಿತ್ತು ಮೇಡಂ."

ರೆಬೆಲ್ಲೊ ಹಿಂದಿನಿಂದ ನಕ್ಕರು. ಮೊಯ್ದಿನಬ್ಬ ಹಾಗೆಯೇ. ಹೆಚ್ಚು ನೋಡಿದವರಿಗೆ ಹೆಚ್ಚು ಕೆಂಪು. ಪ್ರತಿ ವಾಕ್ಯಕ್ಕೂ ಎರಡೆರಡು ಸಲ ತಿದ್ದಿ, ಅಂತೂ ಅವರ ಸರದಿ ಮುಗಿಯಿತು. ಮುಗಿಯುವ ಮೊದಲು ಮತ್ತೊಂದು ಮಾತು ಸೇರಿಸಿದರು.

"ಕೇದಗೆಯ ಮುಂದಿನ ಹಗ್ಗದ ಬಣ್ಣ ನನಗೆ ಹಿಡಿಸುದಿಲ್ಲ. ಅದು ಹೊರಬರುವ ಕಿಂಡಿಗೆ ಉಜ್ಜುವಲ್ಲಿ ನಾರು ಎದ್ದ ಹಾಗೆ ಕಾಣ್ತದೆ."

ಹಸಿರು.

ತಕ್ಷಣ ಇನ್ನೊಂದು ದನಿ ನುಗ್ಗಿತು. ಕೇದಗೆಯ ಕ್ಯಾಪ್ಟನ್ ಸುಕೇಶ್ ಮೆಂಡನ್. "ಮೊಯ್ದಿನಬ್ಬರಿಗೆ ಈಗ ನಮ್ಮ ಹಡಗಿನ ಉಸಾಬರಿಯೂ ಬೇಕಾ? ಕಂಟ್ರೋಲ್, ಅದು ದಾಖಲೆಯಲ್ಲಿ ಹೋಗ್ತದಾ?"

ಹೋಗುವುದಿಲ್ಲ. ತನ್ನ ಹಡಗಿನ ಬಗ್ಗೆ ಮಾತ್ರ ಹೇಳಬೇಕೆಂಬುದು ನಿಯಮ. ನಾನು ಆ ಮಾತನ್ನು ಹೊಡೆದುಹಾಕಿದೆ. ಕ್ಯಾಮೆರಾವನ್ನು ಕೇದಗೆಯ ಮೂತಿಯ ಕಡೆ ತಿರುಗಿಸಿದೆ. ಮಳೆ, ಬೂದುಬಣ್ಣ. ಹಗ್ಗ ಕಿಂಡಿಯೊಳಗೆ ಹೋಗುವ ಜಾಗ ನೆರಳಿನಲ್ಲಿತ್ತು.

ಆಮೇಲೆ ಕೇದಗೆಯ ಸಂವಹನ ಅಧಿಕಾರಿ ಮಾತಾಡಿದರು. ಹೆಸರು ಜಯಕರ. ಹೊಸಬರು. ಪ್ರೈಮರಿ ಶಾಲೆಯಲ್ಲಿ ಮೇಸ್ಟ್ರಾಗಿ ನಿವೃತ್ತರಾದವರೆಂದು ಪರದೆಯ ಮೇಲೆ ಬರೆದಿತ್ತು. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ ತುಂಬುದನಿ.

"ಕೇದಗೆಯ ಹಗ್ಗಗಳೆಲ್ಲ ಸರಿಯಾಗಿವೆ."

ಹಸಿರು.

"ಕೇದಗೆಯ ಕೊಳವೆಗಳೆಲ್ಲ ಸರಿಯಾಗಿವೆ."

ಹಸಿರು. ಹೀಗೆ ಕೊನೆಯವರೆಗೂ, ಒಮ್ಮೆಯೂ ಎಡವದೆ, ಪಾಠ ಓದಿದಂತೆ.

"ಹೀಗಿರ್ಬೇಕಲ್ವಾ?" ಎಂದರು ರೆಬೆಲ್ಲೊ. "ಅನುಮತಿ ಕೊಡ್ಲಿಕ್ಕೆ ಇನ್ನೆಂತ ಕಾಯ್ತಾ ಇದ್ದೀರಿ?"

ನಾನು ಅನುಮತಿಯ ಗುಂಡಿಯ ಮೇಲೆ ಬೆರಳಿಟ್ಟೆ. ಯತಿನನ ಧ್ವನಿಮುದ್ರಣವನ್ನು ವಿಚಾರಣೆಯಲ್ಲಿ ಮೂರು ಸಲ ಕೇಳಿಸಿದ್ದರು. ಅದೂ ಹೀಗೆಯೇ ಇತ್ತು. ಚಂದದ ಧ್ವನಿ.

ಇದನ್ನು ನೀವು ಕಣ್ಣಾರೆ ನೋಡಿದಿರಾ ಎಂದು ನಾನು ಕೇಳುವಂತಿಲ್ಲ. ಹಡಗಿನ ಸ್ಥಿತಿಯನ್ನು ಕೇಳಬಹುದು, ಹೇಳುವವರನ್ನು ಪ್ರಶ್ನಿಸುವಂತಿಲ್ಲ. ಹಡಗು ಕಂಪನಿಗಳು ಹೋರಾಡಿ ಮಾಡಿಸಿಕೊಂಡ ನಿಯಮ ಅದು. ಹವಾಮಾನದ ಕುಶಲ ಮಾತಿಗೆ ಅಡ್ಡಿಯಿಲ್ಲ. ಅದನ್ನು ತಡೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅಲ್ಲಿ ಮಳೆ ಜೋರುಂಟಾ ಮೇಸ್ಟ್ರೇ?"

"ಮಳೆಯಾ? ಗೊತ್ತಾಗುದಿಲ್ಲ ಮೇಡಂ. ಒಳಗೆ ಎಸಿ ಸದ್ದು." ಹಸಿರು.

"ಬೂಟು ಒದ್ದೆಯಾಗಿರ್ಬೇಕಲ್ಲ ನಿಮ್ಮದು, ಡೆಕ್ಕಿನಲ್ಲೆಲ್ಲ ನೀರು ಕಾಣ್ತದೆ."

ಮೇಸ್ಟ್ರು ಮೆಲ್ಲಗೆ ನಕ್ಕರು. "ಇಲ್ಲ ಇಲ್ಲ. ಬೂಟು ಕೊಟ್ಟಿದ್ದಾರೆ, ಒಳ್ಳೇ ಬೂಟು. ಆದ್ರೆ ಹಾಕ್ಲಿಕ್ಕಿಲ್ಲ. ಕೊಳೆ ಮಾಡ್ಬೇಡಿ, ತಪಾಸಣೆಗೆ ಬಂದವರಿಗೆ ತೋರಿಸ್ಲಿಕ್ಕೆ ಬೇಕು ಅಂತ ಕ್ಯಾಪ್ಟನ್ ಹೇಳಿದ್ದಾರೆ. ಡಬ್ಬದಲ್ಲೇ ಉಂಟು, ಕಾಗದ ಸಹ ತೆಗಿಲಿಲ್ಲ ನಾನು."

ಹಸಿರು.

ಧ್ವನಿಮುದ್ರಣ ಯಂತ್ರದ ಸಣ್ಣ ಚುಕ್ಕೆ ಉರಿಯುತ್ತಿತ್ತು. ಮೇಸ್ಟ್ರ ಮಾತು ಅಷ್ಟೂ ಅದರೊಳಗೆ ಹೋಗಿತ್ತು.

ನಾನು ಗುಂಡಿಯಿಂದ ಬೆರಳು ತೆಗೆದೆ. "ಕ್ಯಾಪ್ಟನ್ ಮೆಂಡನ್, ಹಗ್ಗದ ವಾಕ್ಯವನ್ನು ಒಮ್ಮೆ ನೀವೇ ಹೇಳಿ."

"ಯಾಕೆ? ನಮ್ಮವರು ಹೇಳಿದ್ದು ಕೇಳ್ಲಿಲ್ಲವಾ ನಿಮಗೆ?"

"ಕೇಳಿತು. ನೀವು ಹೇಳಿ."

"ಕಾನೂನಿನಲ್ಲಿ ಎಲ್ಲಿ ಬರ್ದುಂಟು, ಕ್ಯಾಪ್ಟನ್ ಹೇಳ್ಬೇಕು ಅಂತ?"

"ಎಲ್ಲಿಯೂ ಇಲ್ಲ. ಕೇದಗೆಯ ಹಗ್ಗಗಳೆಲ್ಲ ಸರಿಯಾಗಿವೆ. ಒಂದು ವಾಕ್ಯ."

ಆಮೇಲೆ ಮೆಂಡನ್ ನಿಧಾನವಾಗಿ, ಒಂದೊಂದೇ ಪದ ಇಡುತ್ತ ಹೇಳಿದರು. "ಹಗ್ಗಗಳು ಸರಿಯಾಗಿವೆ ಎಂದು ನಮ್ಮ ಸಂವಹನ ಅಧಿಕಾರಿ ಹೇಳಿದ್ದಾರೆ."

ಹಸಿರು. ಅದು ನಿಜವೇ ಆಗಿತ್ತು.

"ಕಂಟ್ರೋಲ್‌ನಲ್ಲಿ ಕೂತಿರುವುದು ಆ ಕಾಂಚನನ ಹೆಂಡ್ತಿಯಲ್ಲವಾ?" ಮೆಂಡನ್ ದನಿ ಏರಿತು. "ರೆಬೆಲ್ಲೊ ಸರ್, ಗಂಡ ಮಾಡಿದ್ದು ಸಾಲದು ಅಂತ ಈಗ ಇವಳನ್ನು ಕೂರಿಸಿದ್ದಾ? ಬಂದರಿನಲ್ಲಿ ನಮ್ಮ ಸರದಿ ಹೋದ್ರೆ ಯಾರು ಉತ್ತರ ಕೊಡುದು?"

ನಡುವೆ ಜಯಕರ ಮೇಸ್ಟ್ರ ದನಿ ಬಂತು. ಅದರಲ್ಲಿದ್ದ ನಗು ಹೋಗಿತ್ತು. "ಮೇಡಂ, ನನ್ನಿಂದ ಎಂತಾದ್ರೂ ತಪ್ಪಾಯ್ತಾ? ಬೇಕಾದ್ರೆ ನಾನು ಬೂಟು ಹಾಕ್ಕೊಂಡು ಒಮ್ಮೆ ಹೊರಗೆ ಹೋಗಿ ಹಗ್ಗ ನೋಡಿ ಬರ್ತೇನೆ. ಐದು ನಿಮಿಷ."

ಹೌದು ಎಂದರೆ ಸಾಕಿತ್ತು. ಅವರು ಹೋಗಿ ನೋಡಿ ಬಂದು ಅದೇ ವಾಕ್ಯ ಹೇಳಿದರೆ ದೀಪ ಕೆಂಪಾಗುತ್ತಿತ್ತು. ನನಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಯತಿನನಿಗೂ. ಪರದೆಯಲ್ಲಿ ಎರಡು ಹಡಗುಗಳು ಒಂದನ್ನೊಂದು ಎಳೆಯುತ್ತಿದ್ದವು. ಅಲೆ ಎತ್ತಿದಾಗಲೆಲ್ಲ ಮುಂದಿನ ಹಗ್ಗ ನೀರು ಕೊಡವಿ ನೆಟ್ಟಗಾಗುತ್ತಿತ್ತು.

"ಬೇಡ," ಎಂದೆ. "ಕೋಣೆಯಿಂದ ಹೊರಗೆ ಕಾಲಿಡ್ಬೇಡಿ ಮೇಸ್ಟ್ರೇ. ಎಂತ ಸದ್ದು ಕೇಳಿದ್ರೂ."

"ಆಯ್ತು ಮೇಡಂ."

ರೆಬೆಲ್ಲೊ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. "ಎಲ್ಲ ಹಸಿರಿರುವಾಗ ಯಾವ ಆಧಾರದಲ್ಲಿ ನಿಲ್ಲಿಸ್ತೀರಿ?"

ಆಧಾರವೊಂದಿತ್ತು. ಯಾರೂ ಬಳಸದ್ದು. ಕೆಂಪು ದೀಪವಿಲ್ಲದಿದ್ದರೂ ಸಂಯೋಜಕರು ತಮ್ಮ ಸ್ವಂತ ಮಾತಿನ ಮೇಲೆ ಕೆಲಸ ನಿಲ್ಲಿಸಬಹುದು. ಹೊಣೆ ಅವರದೇ. ನಾನು ಕೊರಳಪಟ್ಟಿಯ ದೀಪವನ್ನು ಮೈಕಿನ ಎದುರಿಗೆ ತಿರುಗಿಸಿ ಹಿಡಿದೆ.

"ಈ ಹಡಗುಗಳು ಈಗ ಬೇರೆಯಾಗದಿದ್ದರೆ ಜನ ಸಾಯುತ್ತಾರೆ ಎಂದು ನಾನು ನಂಬುತ್ತೇನೆ."

ಹಸಿರು.

"ನಂಬಿಕೆ," ಎಂದರು ರೆಬೆಲ್ಲೊ. "ಬರೀ ನಿಮ್ಮ ನಂಬಿಕೆಯ ಮೇಲೆ ಎರಡು ಹಡಗು ನಿಲ್ತದಾ?"

"ಇಷ್ಟು ದಿನ ನಡೆದದ್ದು ಅದರ ಮೇಲೆಯೇ ಅಲ್ಲವಾ ಸರ್?"

ನಾನು ಮೈಕಿನಲ್ಲಿ ನಿಲ್ಲಿಸಿ ಎಂದು ಮೂರು ಸಲ ಹೇಳಿದೆ. ಕೊಳವೆ ಬಿಚ್ಚಿ, ಹಗ್ಗ ಬಿಡಿಸುವಾಗ ಆ ಕಡೆ ಯಾರನ್ನೂ ನಿಲ್ಲಿಸಬೇಡಿ ಎಂದೆ. ಮೆಂಡನ್ ಬಾಯಿಗೆ ಬಂದಂತೆ ಬೈದರು. ಬೈಗುಳಕ್ಕೆ ದೀಪ ಹತ್ತಲಿಲ್ಲ.

ಹಗ್ಗಗಳು ಒಂದೊಂದಾಗಿ ಕಳಚಿದವು. ಮುಂದಿನದು ಕೊನೆಗೆ. ಹಲೀಮಾದವರು ತಮ್ಮ ತುದಿಯನ್ನು ಬಿಟ್ಟರು, ಅದು ನೀರಿಗೆ ಬಿತ್ತು, ಕೇದಗೆಯವರು ಎಳೆದುಕೊಂಡರು. ಅದು ತುಂಡಾಗಲಿಲ್ಲ. ಏನೂ ಆಗಲಿಲ್ಲ. ನಡುವೆ ನೀರು ಕಾಣಿಸಿತು, ಅಗಲವಾಯಿತು. ಆ ಹಗ್ಗವನ್ನು ಕೇದಗೆಯವರು ಸಂಜೆಯೊಳಗೆ ಬದಲಿಸುತ್ತಾರೆಂದು ನನಗೆ ಗೊತ್ತಿತ್ತು. ಹಳೆಯದು ಯಾರ ಕೈಗೂ ಸಿಗುವುದಿಲ್ಲ.

ಕೊನೆಗೆ ಮೊಯ್ದಿನಬ್ಬ ಮಾತಾಡಿದರು. "ಮೇಡಂ, ನಾನು ನನ್ನ ಹಡಗಿನ ಬಗ್ಗೆ ಮಾತ್ರ ಹೇಳ್ಬೇಕಲ್ಲ. ಹಾಗೆ ಹೇಳ್ತೇನೆ. ನಮ್ಮ ಜನ ಎಲ್ಲ ಉಂಟು. ತಲೆ ಎಣಿಸಿದೆ."

ಹಸಿರು. ತಮ್ಮ ಹಡಗಿನ ಬಗ್ಗೆ ಅಂದು ಅವರಿಗೆ ಮೊದಲ ಸಲಕ್ಕೇ ಹತ್ತಿದ ಹಸಿರು ಅದು ಒಂದೇ.

ರೆಬೆಲ್ಲೊ ನನ್ನ ಮೇಜಿನ ಮೇಲಿದ್ದ ಪ್ರವೇಶದ ಕಾರ್ಡನ್ನು ಎತ್ತಿಕೊಂಡರು. "ನಾಳೆಯಿಂದ ಬರಬೇಡಿ. ವಿಚಾರಣೆ ಇರ್ತದೆ, ಗೊತ್ತುಂಟಲ್ಲ? ಅದು ಮುಗಿಯುವವರೆಗೆ ದೀಪ ತೆಗೆಯಬೇಡಿ."

"ಮೇಸ್ಟ್ರು ಹೇಳಿದ್ದು ರೆಕಾರ್ಡಿನಲ್ಲಿ ಉಂಟು ಸರ್."

"ನನಗೆ ಕಿವುಡಾ?" ಎಂದರು. ನನ್ನ ಮುಖ ನೋಡದೆ ಗಾಜಿನ ಕಡೆ ಹೋದರು. ಅಲ್ಲಿಂದ ನೋಡಲು ಮಳೆಯ ಹೊರತು ಏನೂ ಇರಲಿಲ್ಲ. ನಾನು ಮೆಟ್ಟಿಲು ಇಳಿಯುವಾಗಲೂ ಅವರು ಹಾಗೆಯೇ ನಿಂತಿದ್ದರು.

*

ಮಾಮಿ ಮಾರ್ಕೆಟಿನಿಂದ ಬಂದು ಕಾಲು ತೊಳೆಯುತ್ತಿದ್ದರು.

"ಇಷ್ಟು ಬೇಗ ಓಡಿಸಿದ್ರಾ?"

"ಹೌದು."

"ಕದ್ದಿಯಾ, ಕೊಂದಿಯಾ?"

ನಾನು ಜಗಲಿಯಲ್ಲಿ ಕೂತೆ. ಜಯಕರ ಮೇಸ್ಟ್ರ ಮಾತನ್ನು ಅವರು ಹೇಳಿದ ಹಾಗೆಯೇ ಹೇಳಿದೆ. ಒಳ್ಳೇ ಬೂಟು, ಹಾಕಲಿಕ್ಕಿಲ್ಲ, ಬಂದವರಿಗೆ ತೋರಿಸಲಿಕ್ಕೆ, ಕಾಗದ ಸಹ ತೆಗೆಯಲಿಲ್ಲ. ಒಂದೊಂದು ವಾಕ್ಯಕ್ಕೂ ದೀಪ ಹಸಿರಾಯಿತು. ಮಾಮಿ ದೀಪವನ್ನು ನೋಡಲಿಲ್ಲ. ಕಾಲಿನ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ ತಂಬಿಗೆ ಹಿಡಿದುಕೊಂಡೇ ನಿಂತರು.

"ಅದೇ ಕಂಪನಿಯಾ?"

"ಅದೇ."

"ಅವರಿಗೂ ಕಿಟಕಿ ಇಲ್ಲದ ಕೋಣೆಯಾ?"

"ಮಳೆ ಬರ್ತಾ ಉಂಟಾ ಅಂತ ಅವರಿಗೆ ಗೊತ್ತಿರ್ಲಿಲ್ಲ ಮಾಮಿ."

ಮಾಮಿ ಒಳಗೆ ಹೋದರು. ಬಾಗಿಲ ಹಿಂದಿನ ಲುಂಗಿ ಎಳೆದ ಸದ್ದಾಯಿತು. ಬೂಟುಗಳೆರಡನ್ನೂ ಎದೆಗೊತ್ತಿಕೊಂಡು ಹೊರಬಂದು, ನನ್ನನ್ನು ದಾಟಿ, ಮಳೆಯಲ್ಲಿಯೇ ಓಣಿಗೆ ಇಳಿದರು. ನಾನು ಹಿಂದೆ ಹೋದೆ. ನಲ್ಲಿಯ ಹತ್ತಿರ ಇದ್ದ ಹೆಂಗಸರು ದಾರಿ ಬಿಟ್ಟರು.

ಹರಿಣಾಕ್ಷಿ ಬಾಗಿಲು ತೆರೆದವಳು ಮಾಮಿಯನ್ನು ನೋಡಿ ಮುಚ್ಚಲು ಹೋದಳು. ಮಾಮಿ ಒಂದು ಬೂಟನ್ನು ಬಾಗಿಲ ಸಂದಿಗೆ ಕೊಟ್ಟರು. ಆಮೇಲೆ ಇನ್ನೊಂದರ ಅಡಿಯನ್ನು ಮೇಲೆ ಮಾಡಿ ಅವಳ ಮುಖದೆದುರು ಹಿಡಿದರು.

"ಇದರಲ್ಲಿ ಎಲ್ಲಿಯಾದ್ರೂ ಹಡಗಿನ ಎಣ್ಣೆ ಕಾಣ್ತದಾ ನಿನಗೆ? ಒಂದು ಗೀರು? ಉಪ್ಪು?"

"ನಿಮಗೆ ಎಂತ ಬೇಕು ಗುಲಾಬಿಯಕ್ಕ?"

"ನಿನ್ನ ಗಂಡನ ಬೂಟು ಬಂತಲ್ಲ ಮನೆಗೆ, ಅದು ಹೇಗಿತ್ತು?"

ಉಮಾನಾಥರ ಬೂಟುಗಳನ್ನು ಓಣಿಯವರೆಲ್ಲ ನೋಡಿದ್ದರು. ಅಡಿ ಸವೆದು ನುಣುಪಾಗಿದ್ದವು, ಎಣ್ಣೆ ಕುಡಿದು ಹಿಮ್ಮಡಿ ಊದಿಕೊಂಡಿತ್ತು.

"ಹಗ್ಗದ ಹತ್ತಿರ ಕಾಲಿಡುವವನ ಬೂಟು ಹೀಗಿರ್ತದಾ? ಇದನ್ನು ಹಾಕ್ಬೇಡ, ಬಂದವರಿಗೆ ತೋರಿಸ್ಲಿಕ್ಕೆ ಅಂತ ಹೇಳಿ ಕೊಟ್ಟವರು ಯಾರು? ಅವರ ಮನೆಯ ಗೇಟಿಗೆ ಒಮ್ಮೆಯಾದ್ರೂ ಹೋದಿಯಾ ನೀನು?"

ಹರಿಣಾಕ್ಷಿ ಸಂದಿಯಲ್ಲಿದ್ದ ಬೂಟನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು. ಬಾಗಿಲು ಹಾಕಿಕೊಂಡಳು. ಬೂಟಿನೊಳಗಿದ್ದ ಕಾಗದದ ಉಂಡೆ ಉರುಳಿ ಹೊರಬಂದು ಮಳೆಯಲ್ಲಿ ನೆನೆಯತೊಡಗಿತು. ಮಾಮಿ ಚರಂಡಿಗೆ ಬಗ್ಗಿ ಬೂಟನ್ನು ಎತ್ತಿದರು. ಮೊದಲ ಸಲ ಅದು ಒದ್ದೆಯಾಗಿತ್ತು. ನಲ್ಲಿಯ ಹೆಂಗಸರಲ್ಲಿ ಯಾರೂ ಅಲುಗಲಿಲ್ಲ. ಮಾಮಿ ಅವರೆದುರೇ ನಲ್ಲಿ ಬಿಟ್ಟು ಅದನ್ನು ತೊಳೆದರು. ಮನೆಗೆ ತಂದು ಜಗಲಿಯ ಮೇಲೆ, ಎಲ್ಲರಿಗೂ ಕಾಣುವ ಕಡೆ, ಕವುಚಿ ಇಟ್ಟರು.

ಮರುದಿನ ನನಗೆ ಹೋಗಬೇಕಾದ ಕಡೆ ಇರಲಿಲ್ಲ. ಆದರೂ ಅದೇ ಹೊತ್ತಿಗೆ ಗೇಟಿನ ಹತ್ತಿರ ಬಂದೆ. ಹರಿಣಾಕ್ಷಿಯೂ ಬಂದಿದ್ದಳು. ಕಣ್ಣು ಕೆಂಪಾಗಿತ್ತು, ಕೂದಲು ಬಾಚಿರಲಿಲ್ಲ. ನನ್ನ ಕೊರಳಪಟ್ಟಿಯನ್ನು ನೋಡುತ್ತ ಹೇಳಿದಳು.

"ನಿನ್ನ ಗಂಡ ನನ್ನ ಗಂಡನನ್ನು ಕೊಂದ."

ಕೆಂಪು.

ನನಗೆ ದೀಪ ಕಾಣುವುದಿಲ್ಲ, ಕೊರಳಿನ ಕೆಳಗಿದೆ. ಯಾವಾಗಿನಂತೆ ಎದುರಿನವರ, ಈಗ ಅವಳ, ಮುಖದ ಮೇಲೆ ಬಿದ್ದ ಬಣ್ಣದಿಂದ ತಿಳಿಯಿತು. ಅವಳು ಒಂದು ಹೆಜ್ಜೆ ಹತ್ತಿರ ಬಂದು, ಹೆಚ್ಚು ಗಟ್ಟಿಯಾಗಿ, ಒಂದೊಂದು ಪದಕ್ಕೂ ನನ್ನ ಕಡೆ ಬೆರಳು ತೋರಿಸುತ್ತ ಮತ್ತೆ ಹೇಳಿದಳು.

ಕೆಂಪು.

ಮೂರನೆಯ ಸಲಕ್ಕೆ ಬಾಯಿ ತೆರೆದಳು. ನಿನ್ನ ಗಂಡ ಎಂಬಲ್ಲಿಗೇ ನಿಲ್ಲಿಸಿದಳು. ಗೇಟಿನ ಸರಳನ್ನು ಹಿಡಿದುಕೊಂಡಳು. ನಲ್ಲಿಯಲ್ಲಿ ಕೊಡ ತುಂಬಿ ನೀರು ಹೊರಚೆಲ್ಲುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

"ಹಾಗಾದ್ರೆ ಯಾರು?" ಎಂದಳು.

ಅದು ಪ್ರಶ್ನೆ. ದೀಪ ಹತ್ತಲಿಲ್ಲ.